ನಾಲ್ಕು ಮನೆಗೆ ಒಂದೇ ಹೆಸರು

ಕೂಸು ಹುಟ್ಟಿದ್ದು ದ್ಯಾಮಪ್ಪನ ಮನೆಯಲ್ಲಿ. ಅದರ ಮೇಲಿನ ಹಕ್ಕು ಮಾತ್ರ ನಾಲ್ಕು ಮನೆಗಳ ಇಡೀ ಚಾಳಿನದು. ಯುದ್ಧದ ದೆಸೆಯಿಂದ ಸಾಗವಾನಿಗೆ ಬಂಗಾರದ ಬೆಲೆ ಬಂದು, ದಾಂಡೇಲಿಯ ಕಟ್ಟಿಗೆ ಡೆಪೋಕ್ಕೆ ಎಲ್ಲೆಲ್ಲಿಯದೋ ಜನ ಬಂದು ಕೂಡಿದ್ದ ಕಾಲ ಅದು. ದ್ಯಾಮಪ್ಪನಿಗೆ ಅಲ್ಲಿ ದಿಮ್ಮಿಗಳ ಮೇಲೆ ಸುತ್ತಿಗೆಯಿಂದ ಸರಕಾರಿ ಗುರುತು ಒತ್ತುವ ಕೆಲಸ. ಅಡವಿಗೆ ಅಡವಿಯನ್ನೇ ಗುರುತು ಮಾಡಿದವನಿಗೆ ತನ್ನದೊಂದು ಕೂಸಿಗೆ ಹೆಸರು ಹುಡುಕಲಾಗಿರಲಿಲ್ಲ.

ಆವತ್ತು ಸಂಜೆಯೇ ತೊಟ್ಟಿಲ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಹಳಿಯಾಳದಿಂದ ಅವನ ಅಕ್ಕ ಗಂಗವ್ವ ಚಕ್ಕಡಿಯಲ್ಲಿ ಬಂದಿಳಿದಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಟ ಗಂಡನನ್ನು ಹೆಂಡತಿ ನೀಲಕ್ಕ ಬಾಗಿಲಲ್ಲೇ ತಡೆದಳು.

"ನೋಡ್ರಿ, ಇದು ಇಮಾಮಸಾಬಣ್ಣನ ಹೆಂಡ್ತಿ ಬದರುನ್ನಿಸಾ ಕೈಯಾಗ ಬಿದ್ದ ಕೂಸು. ತೊಟ್ಟಲಾ ಮಾಡಿದಾಂವ ಬಡಿಗೇರ ಇನಾಸ. ನನಗ ಹಾಲು ಕುಡಿಸಿದ್ದು ಭೀಮಸಿಂಗಣ್ಣನ ಎಮ್ಮಿ. ಹೆಸರಿನ ಸಲುವಾಗಿ ಇವರೊಳಗ ಒಬ್ಬರ ಮಾರಿ ಸಣ್ಣದಾದ್ರೂ ನಾ ಕೂಸಿನ ಕಟಗೊಂಡು ತವರಿಗೆ ಹೋಗಾಕಿ. ಆಮ್ಯಾಲ ನೀವುಂಟು, ನಿಮ್ಮ ಸುತ್ತಿಗಿ ಉಂಟು."

ದ್ಯಾಮಪ್ಪ ಆಗಲೆಂದು ತಲೆಯಾಡಿಸಿ ಹೊರಟ. ಕಳೆದ ಸಲ ಅವಳು ತವರೂರು ಸಾಂಬ್ರಾಣಿಗೆ ಹೋದಾಗ ಅವನು ತಾನೇ ಬಡಿದುಕೊಂಡು ತಿಂದ ರೊಟ್ಟಿಗಳು ಎಂಥವೆಂದರೆ, ಗುರುತು ಒತ್ತಿ ಲಾರಿಗೇರಿಸಬಹುದಾಗಿತ್ತು.

ಡೆಪೋದಲ್ಲಿ ಆ ಮೂರೂ ಮನೆಯ ಗಂಡಸರು ಅವನಿಗಾಗಿಯೇ ಕಾದಿದ್ದರು. ಇನಾಸ ಹೊಸ ತೊಟ್ಟಿಲನ್ನು ಹೊತ್ತು ತಂದು ದಿಮ್ಮಿಯ ಪಕ್ಕದಲ್ಲೇ ಇಟ್ಟಿದ್ದ.

"ಮಜೀದ ಅಂತ ಇಡು," ಎಂದ ಲಾರಿ ಮೇಸ್ತ್ರಿ ಇಮಾಮಸಾಬ. "ಅದರ ಮಾರಿ ಎಲ್ಲಾರಕಿಂತ ಮದ್ಲ ನೋಡಿದಾಕಿ ನನ್ನ ಹೆಂಡ್ತಿ."

"ಮಾರಿ ನೋಡಿದ್ರ ಏನಾತು? ಮಲಗೂದು ನನ್ನ ತೊಟ್ಟಿಲದಾಗ. ಪೆದ್ರು ಅಂತ ಇಡು," ಎಂದ ಇನಾಸ.

"ಬಾಣಂತಿ ಹಾಲು ಕುಡೀಲಿಲ್ಲಂದ್ರ ಕೂಸು ಎಲ್ಲಿ ಮಲಗ್ತಿತ್ತೋ?" ಭೀಮಸಿಂಗ ಮೀಸೆ ತೀಡಿದ. "ಲಚ್ಚಪ್ಪ ಅಂತ ಇಡು. ಎಮ್ಮಿಗೂ ಸಮಾಧಾನ ಆಗ್ತೈತಿ."

ಯಾರಿಗೆ ಉತ್ತರ ಕೊಡಲೆಂದು ದ್ಯಾಮಪ್ಪ ಅತ್ತಿತ್ತ ತಿರುಗುವಷ್ಟರಲ್ಲಿ, ದಿಮ್ಮಿಯ ಮೇಲೆ ಬೀಳಬೇಕಾದ ಸುತ್ತಿಗೆ ತೊಟ್ಟಿಲ ಹಲಗೆಯ ಮೇಲೆ ಬಿತ್ತು. ತೊಟ್ಟಿಲು ಸರಕಾರದ ಸ್ವತ್ತಾಯಿತು.

"ಕೂಸಿಗೂ ಒಂದು ಒತ್ತಿಬಿಡೋ ಮಾರಾಯಾ," ಎಂದ ಇಮಾಮಸಾಬ. "ಹೆಸರಿನ ಖಟಪಟಿನ ತೀರ್ತೈತಿ."

ಆ ಏಟಿಗೆ ದ್ಯಾಮಪ್ಪನ ತಲೆಯೂ ಕೊಂಚ ಅದುರಿರಬೇಕು. ಸುತ್ತಿಗೆ ಕೆಳಗಿಟ್ಟು ಹೇಳಿದ: "ನಿಮ್ಮ ನಿಮ್ಮ ಮನಿ ಹಿರ್ಯಾರ ಹೆಸರು ಹೇಳ್ರಿ. ನಾಕೂ ಮನ್ಯಾಗ ಇರೂ ಹೆಸರು ಯಾವುದೈತಿ, ಅದನ್ನ ಇಡೂಣು."

ದಿಮ್ಮಿಯ ಮೇಲೆ ಕೂತು ಮೂವರೂ ಸತ್ತವರನ್ನೂ ಇದ್ದವರನ್ನೂ ಕರೆಯತೊಡಗಿದರು. ಒಂದೂ ಕೂಡಿಬರಲಿಲ್ಲ. ಕಡೆಗೆ ಭೀಮಸಿಂಗ ಬೇಸತ್ತು, "ಇನ್ನ ನಮ್ಮಪ್ಪ ಒಬ್ಬಾಂವ ಉಳದಾನ, ಬಾಬುಸಿಂಗ," ಎಂದ.

"ನಮ್ಮಣ್ಣ ಬಾಬುಸಾಬ!" ಇಮಾಮಸಾಬ ಎದ್ದು ನಿಂತ.

"ರಾಮನಗರದಾಗ ನಮ್ಮಪ್ಪಗೂ ಎಲ್ಲಾರೂ ಬಾಬು ಅಂತಾನ ಕರೀತಾರ. ಇಗರ್ಜಿಯೊಳಗ ಪಾದ್ರಿ ಇಟ್ಟ ಹೆಸರು ಅವಗ ನೆನಪಿಲ್ಲ," ಎಂದ ಇನಾಸ.

"ನಮ್ಮ ದೊಡ್ಡಪ್ಪ ಬಾಬಣ್ಣ!" ದ್ಯಾಮಪ್ಪ ಮೂವರನ್ನೂ ಒಟ್ಟಿಗೆ ತಬ್ಬಿಕೊಂಡ. ನಾಲ್ವರೂ ಸರಕಾರಿ ತೊಟ್ಟಿಲು ಹೊತ್ತುಕೊಂಡು, ಯುದ್ಧ ತಾವೇ ಗೆದ್ದವರ ಹಾಗೆ ಚಾಳಿಗೆ ಬಂದರು.

ಸಂಜೆ ಒಳಗೆ ಹೆಂಗಸರು ತೊಟ್ಟಿಲು ಸುತ್ತುವರಿದರು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತರು. ದ್ಯಾಮಪ್ಪ ಅಕ್ಕನ ಕಿವಿಯಲ್ಲಿ ಹೆಸರು ಉಸುರಿ ಹೊರಬಂದ. ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿದವರ ಬೆನ್ನಿಗೆ ಗುದ್ದುವುದು ಪದ್ಧತಿ. ಗಂಗವ್ವ ಬಗ್ಗುತ್ತಲೇ ಹಿಂದೆ ಮುಷ್ಟಿಗಳು ಸಿದ್ಧವಾದವು.

"ಕುರ್ರ್..." ಎಂದಳು ಗಂಗವ್ವ. ಅಷ್ಟಕ್ಕೇ ನೆಟ್ಟಗಾದಳು.

"ಹೇಳ್ರಿ ಅಕ್ಕಾರ, ಕೈ ನೋಯಾಕತ್ತಾವ," ಎಂದಳು ನೀಲಕ್ಕ.

"ಹೆಂಗ ಹೇಳ್ಲಿ ಯವ್ವಾ? ಬಾಯಾಗ ಬರವಲ್ದು. ನಮ್ಮ ಮಾವನವರ ಹೆಸರಿಟ್ಟಾನ ಇಂವ!"

ಹೊರಗೆ ದ್ಯಾಮಪ್ಪ ಹೌಹಾರಿದ. ಹಳಿಯಾಳದ ಆ ಮುದುಕರನ್ನು ಅವನು ಇಷ್ಟು ವರ್ಷ 'ಬೀಗರು' ಎಂದೇ ಕರೆದವನು. ಅವರಿಗೂ ಒಂದು ಹೆಸರಿರಬಹುದೆಂದು ಹೊಳೆದಿರಲೇ ಇಲ್ಲ.

"ಬದರುನ್ನಿಸಾ, ನೀನರ ಹೇಳವಾ," ಎಂದಳು ಗಂಗವ್ವ. ಯಾವ ಹೆಸರೆಂದು ದ್ಯಾಮಪ್ಪ ಹೊರಗಿನಿಂದಲೇ ಕೂಗಿ ಹೇಳಿದ.

"ತೋಬಾ ತೋಬಾ! ನಮ್ಮ ಮನಿಯವರ ಅಣ್ಣನ ಹೆಸರು! ನಾಲಿಗಿ ಉದುರಿ ಬಿದ್ದೀತು!"

ಭೀಮಸಿಂಗನ ಹೆಂಡತಿ ರೂಪಿಬಾಯಿ ಮಾವನ ಹೆಸರೆಂದೊಡನೆ ಮುಖದ ಮೇಲೆ ಸೆರಗು ಎಳೆದುಕೊಂಡಳು. ಇನಾಸನ ಹೆಂಡತಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಗೋಡೆಗೆ ತಿರುಗಿದಳು. ಉಳಿದವಳು ನೀಲಕ್ಕ. "ಇವರ ದೊಡ್ಡಪ್ಪನ ಹೆಸರು ನಾ ಕರದ್ರ ಮಂದಿ ಏನಂದಾರು?"

ಹೆಸರು ಇಡುವವರನ್ನೆಲ್ಲ ದ್ಯಾಮಪ್ಪ ಕೇಳಿದ್ದ. ದಿನಾ ಕರೆಯಬೇಕಾದವರನ್ನು ಕೇಳಿರಲಿಲ್ಲ.

ಬೇರೆ ದಾರಿಯಿರಲಿಲ್ಲ. ಗಂಡಸರು ಅವನನ್ನೇ ಒಳಗೆ ದೂಡಿದರು. ಅವನು ಬಗ್ಗಿ, "ಕುರ್ರ್... ಬಾಬು," ಎಂದನೋ ಇಲ್ಲವೋ, ರೊಟ್ಟಿ ಬಡಿದು ಪಳಗಿದ ಕೈಗಳೆಲ್ಲ ಒಮ್ಮೆಲೇ ಅವನ ಬೆನ್ನ ಮೇಲೆ ಇಳಿದವು. ಪದ್ಧತಿಗೆ ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚೇ ಬಿದ್ದವು.

ಆದರೂ ಯಾರ ಮಾರಿಯೂ ಸಣ್ಣದಾಗಲಿಲ್ಲ, ನೀಲಕ್ಕ ಸಾಂಬ್ರಾಣಿಯ ಮಾತೆತ್ತಲಿಲ್ಲ. ಅಷ್ಟಾಯಿತಲ್ಲ ಎಂದು ಬೆನ್ನು ತಿಕ್ಕಿಕೊಳ್ಳುತ್ತಿರುವಾಗ ಕೂಸು ಕಿಟಾರನೆ ಕಿರುಚಿತು. ನೀಲಕ್ಕ ಸೆರಗು ಸರಿಪಡಿಸಿಕೊಂಡು ಬದಿಗೆ ಸರಿದು ನಿಂತಳು.

"ಏನ್ರೀ, ಅವರು ಎದ್ದಾರ."

"ಯಾರು?"

"ತೊಟ್ಟಿಲದಾಗಿನವರು."

ರೂಪಿಬಾಯಿ ಸೆರಗಿನ ಸಂದಿಯಿಂದ ಇಣುಕಿದಳು. "ಧೋತರಾ ತೋಯಿಸಿಕೊಂಡಾರ."

"ಹಂಗಾರ ತಗದು ಬ್ಯಾರೇದು ಹಾಕು," ಎಂದ ದ್ಯಾಮಪ್ಪ.

"ಅಯ್ಯ! ಹಿರ್ಯಾರ ಧೋತರಕ್ಕ ಸೊಸಿಗೋಳು ಕೈ ಹಚ್ಚತಾರೇನು? ಹೆಸರಿಟ್ಟಾವರು ನೀವು. ಇನ್ನ ಮುಂದ ಕರಿಯೂದೂ ನೀವ, ತೊಳಿಯೂದೂ ನೀವ."

ದ್ಯಾಮಪ್ಪ ತೋಳು ಮಡಿಸಿ ಬಗ್ಗಿದ. ಹಿಂದೆ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು, ನಗು ನುಂಗಿಕೊಂಡು ಭಯಭಕ್ತಿಯಿಂದ ನಿಂತಿದ್ದರು. ತೊಟ್ಟಿಲಲ್ಲಿದ್ದವರು ಅವನ ಮುಖಕ್ಕೇ ಗುರಿಯಿಟ್ಟು ತಮ್ಮ ಗುರುತು ಒತ್ತಿದರು.