ಎದುರು ಬೆಂಚಿನ ಮಾತು

ಪರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು, ವಿಮಾನ ಬೇಕು ಎಂದು ತಿಳಿದವರು ಅರವತ್ತು ದಾಟಿದ ಮೇಲೆ ಊರು ಬದಲಾಯಿಸಿ ನೋಡಿಲ್ಲವೆಂದೇ ಅರ್ಥ. ನಾನು ಜೀವಮಾನದಲ್ಲಿ ಎರಡು ಸಲ ಪರದೇಶಕ್ಕೆ ಹೋದವನು, ಎರಡು ಸಲವೂ ಬಸ್ಸಿನಲ್ಲೇ. ಮೊದಲ ಸಲ ಇಪ್ಪತ್ತನೆಯ ವಯಸ್ಸಿಗೆ, ಜಮಖಂಡಿ ಕಡೆಯ ನಮ್ಮ ಹಳ್ಳಿಯಿಂದ ಇಚಲಕರಂಜಿಗೆ. ಅಲ್ಲಿ ಕಬನೂರಿನ ಪಾವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನಾಗಿ ನಲವತ್ತು ವರ್ಷ ಕಳೆದೆ. ಎರಡನೆಯ ಸಲ ಕಳೆದ ಮಳೆಗಾಲದಲ್ಲಿ, ಕಬನೂರಿನಿಂದ ಗಡಹಿಂಗ್ಲಜಕ್ಕೆ. ಎರಡು ತಾಸಿನ ದಾರಿ. ಮೊದಲನೆಯ ಪರದೇಶದಲ್ಲಿ ಇಳಿದ ದಿನವೇ ನನಗೆ ನಾಲ್ಕು ಜನ ದೋಸ್ತರಾದರು, ಒಂದೇ ಚಾಪೆಯ ಮೇಲೆ ಮಲಗಿದೆವು. ಎರಡನೆಯದರಲ್ಲಿ ಮೂರು ತಿಂಗಳಾದರೂ ನನ್ನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ ಇದ್ದರು. ಒಬ್ಬಳು ನನ್ನ ಹೆಂಡತಿ ಸುಶೀಲಾ, ಇನ್ನೊಬ್ಬ ಗ್ಯಾಸ್ ಸಿಲಿಂಡರ್ ತರುವವ. ಅವನೂ ಚೀಟಿ ನೋಡಿಯೇ ಕರೆಯುತ್ತಿದ್ದ.

ಗಡಹಿಂಗ್ಲಜವೇ ಯಾಕೆ ಅಂದರೆ ಸುಶೀಲಾಳ ತವರು ನೂಲ, ಇಲ್ಲಿಂದ ಹತ್ತಿರ. "ನಲವತ್ತು ವರ್ಷ ನಿಮ್ಮ ಮಗ್ಗದ ಹತ್ತರ ಇದ್ದೆ, ಇನ್ನ ನೀವು ನಮ್ಮ ಮಂದಿ ಹತ್ತರ ಇರ್ರಿ" ಎಂದಳು. ನ್ಯಾಯದ ಮಾತು. ಅವಳು ಎಂಟೇ ದಿನದಲ್ಲಿ ಇಲ್ಲಿಯವಳಾಗಿಬಿಟ್ಟಳು. ಬಲಗಡೆ ಮನೆಯವರಿಗೆ ಉಪ್ಪಿನಕಾಯಿ, ಎಡಗಡೆ ಮನೆಯವರಿಂದ ಕರಿಬೇವು, ಮಂಗಳವಾರ ಭಜನೆ, ಶುಕ್ರವಾರ ಅರಿಷಿಣ ಕುಂಕುಮ. ಬಾಡಿಗೆ ಮನೆ ನೋಡುವಾಗ ಅವಳು ಹಾಕಿದ ಕರಾರು ಒಂದೇ, ಅಡಿಗೆಕಟ್ಟೆ ಗೋಡೆಗೆ ಮುಖವಾಗಿರಬೇಕು. ರೊಟ್ಟಿ ಬಡಿಯುವಾಗ ಗೋಡೆ ಎದುರಿಗಿದ್ದರೇ ಅವಳಿಗೆ ಕೈ ಆಡುವುದಂತೆ. ಕಬನೂರಿನಲ್ಲೂ ಹಾಗೆಯೇ ಇತ್ತು. ಒಬ್ಬೊಬ್ಬರದು ಒಂದೊಂದು ರೂಢಿ ಎಂದು ನಾನೂ ಸುಮ್ಮನಿದ್ದೆ.

ನನ್ನ ತೊಂದರೆ ನನ್ನ ದನಿಯದು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಮಾತಾಡಿ ಬೆಳೆದ ಗಂಟಲು ಇದು. ನಮ್ಮ ಓಣಿಯಲ್ಲಿ ಕರೆಂಟ್ ಹೋಗಿ ಮಗ್ಗ ನಿಂತರೆ ತೊಟ್ಟಿಲ ಕೂಸುಗಳು ಎಚ್ಚರಾಗಿ ಅಳುತ್ತಿದ್ದವು, ಸದ್ದಿಲ್ಲದ್ದಕ್ಕೆ. ಅಂಥಲ್ಲಿಂದ ಬಂದವನು ಇಲ್ಲಿಯ ಸಂತೆಯಲ್ಲಿ ಬದನೆಕಾಯಿ ಹೆಂಗ ಎಂದು ಕೇಳಿದರೆ ಮುದುಕಿ ತಕ್ಕಡಿ ಕೆಳಗಿಟ್ಟು ಪಕ್ಕದವರನ್ನು ಸಹಾಯಕ್ಕೆ ಕರೆಯುತ್ತಾಳೆ. ಎಡಗಡೆ ಮನೆಯ ತಾಯಿ ಒಂದು ದಿನ ಸುಶೀಲಾಳನ್ನು ಹಿತ್ತಲಿಗೆ ಕರೆದು, ಯಜಮಾನರು ದಿನಾ ಹೀಗೆ ಬೈಯುತ್ತಾರೆಯೇ ಎಂದು ಕಣ್ಣೀರು ತಂದುಕೊಂಡು ಕೇಳಿದರಂತೆ. ನಾನು ಚಹಾ ಕೇಳಿದ್ದೆ, ಅಷ್ಟೇ. ದನಿ ಇಷ್ಟು ದೊಡ್ಡದಾದದ್ದಕ್ಕೆ ಪ್ರತಿಯಾಗಿ ಕಿವಿ ಅರ್ಧಕ್ಕರ್ಧ ಹೋಗಿದೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಿವಿಗೆ ಹಾಕುವ ಯಂತ್ರ ತರೋಣವೆಂದರೆ, ಅರವತ್ತೆರಡಕ್ಕೇ ಮುದುಕನಾಗಬೇಕೇ ಎಂಬ ಅಹಂಕಾರ.

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಏನು ಮಾಡುತ್ತಾನೆ? ರೊಟ್ಟಿ ದಪ್ಪವಾಯಿತು, ಸಾರಿಗೆ ಹುಳಿ ಹೆಚ್ಚಾಯಿತು ಎನ್ನುತ್ತಾನೆ. ಕಾರ್ತಿಕ ಕಳೆಯುವುದರೊಳಗೆ ಸುಶೀಲಾಳ ತಾಳ್ಮೆ ಮುಗಿಯಿತು. ನನ್ನೆದುರಿಗೆ ಬಂದು ನಿಂತು, ನಿಧಾನವಾಗಿ, ತುಟಿ ತೆರೆದು ಹೇಳಿದಳು: "ಸಂಕ್ರಮಣ ಬರೂದ್ರೊಳಗ ನಿಮಗೊಬ್ಬ ದೋಸ್ತ ಆಗಬೇಕು ನೋಡ್ರಿ. ಆಗಲಿಲ್ಲಂದ್ರ ನೀವು ಕಬನೂರಿಗೆ ಹೋಗಿ ಮಗ್ಗದ ಜೋಡಿ ಸಂಸಾರ ಮಾಡ್ರಿ." ನಾನು ನಕ್ಕೆ. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಅವಳಿಗೆ ಹೇಳದೆ ನಾನು ಆಗಲೇ ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ, ಇಚಲಕರಂಜಿ ಬಸ್ಸು ಬಂದು ಹೋಗುವುದನ್ನು ನೋಡುತ್ತ ಕೂತು ಬಂದಿದ್ದೆ. ಈ ಊರಲ್ಲಿ ನಾನು ಯಾರಿಗೂ ಬೇಡದವನಾಗಿಯೇ ಸಾಯುತ್ತೇನೇನೋ ಎಂಬ ಭಯ ನನ್ನನ್ನು ಹಿಡಿದಿತ್ತು.

ಬೆಳಗಿನ ಹೊತ್ತು ಮೈದಾನದ ಬೇವಿನಮರದ ಕೆಳಗಿನ ಬೆಂಚಿನ ಮೇಲೆ ಇಬ್ಬರು ಹಿರಿಯರು ತಪ್ಪದೆ ಕೂಡುತ್ತಿದ್ದರು. ಒಬ್ಬರು ಅಣ್ಣಾಸಾಹೇಬರು, ಕಿರಾಣಿ ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ಜೈನ ವ್ಯಾಪಾರಿ, ಬೆಣ್ಣೆಯಂಥ ಮೆತ್ತನೆ ಮಾತಿನವರು. ಇನ್ನೊಬ್ಬ ದತ್ತೂಮಾಮಾ, ನಿವೃತ್ತ ಬಸ್ ಕಂಡಕ್ಟರ್. ಅವನಿಗೆ ತುಟಿ ಪೂರ್ತಿ ಮುಚ್ಚುವ ಕೊಲ್ಹಾಪುರಿ ಮೀಸೆ. ಚಹಾದ ಥರ್ಮಾಸ್ ಒಂದು, ನಗು ಎರಡು. ಆ ಬೆಂಚಿನ ಮೇಲೆ ಇನ್ನೊಬ್ಬರು ಕೂಡುವಷ್ಟು ಜಾಗ ಖಾಲಿ ಇರುತ್ತಿತ್ತು. ಇಪ್ಪತ್ತು ಹೆಜ್ಜೆ ಎದುರಿಗೆ ಇನ್ನೊಂದು ಬೆಂಚು, ಅಲ್ಲಿ ನಾನು ಒಬ್ಬನೇ. ನಾನು ಆ ಖಾಲಿ ಜಾಗವನ್ನೇ ನೋಡುತ್ತ ಕೂಡುತ್ತಿದ್ದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಮಗ್ಗದ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ಈ ತುದಿಯ ನೇಕಾರ ಆ ತುದಿಯವನ ಜೊತೆ ತುಟಿಯಲ್ಲೇ ಮಾತಾಡುತ್ತಾನೆ. ಮಗಳ ಮದುವೆ, ಸೇಟ್‌ಜಿಯ ಕುಚೇಷ್ಟೆ, ಮಧ್ಯಾಹ್ನದ ಪಲ್ಯ ಎಲ್ಲವೂ ತುಟಿಯ ಮೇಲೆಯೇ. ಕನ್ನಡವಾಗಲಿ ಮರಾಠಿಯಾಗಲಿ, ಇಪ್ಪತ್ತು ಹೆಜ್ಜೆ ದೂರದ ತುಟಿಯನ್ನು ನಾನು ಪೇಪರ್ ಓದಿದಂತೆ ಓದಬಲ್ಲೆ. ಕದ್ದು ಕೇಳುವುದು ತಪ್ಪು, ನನಗೂ ಗೊತ್ತು. ಆದರೆ ನಾನು ಕೇಳುತ್ತಿರಲಿಲ್ಲವಲ್ಲ, ನೋಡುತ್ತಿದ್ದೆ. ಹೀಗೆ ನನಗೆ ನಾನೇ ವಕೀಲನಾಗಿ ದಿನಾ ಕೇಸು ಗೆಲ್ಲುತ್ತಿದ್ದೆ.

ಮೊದಲು ಓದಿದ್ದೇ ನನ್ನ ವಿಷಯ. ಆ ಮನುಷ್ಯ ಯಾರು, ದಿನಾ ನಮ್ಮನ್ನು ಗುರಾಯಿಸಿ ನೋಡುತ್ತಾನಲ್ಲ, ಪೊಲೀಸ್ ಖಾತೆಯವನೋ ಏನೋ ಎಂದರು ಅಣ್ಣಾಸಾಹೇಬರು. ದತ್ತೂಮಾಮಾ ಏನೋ ಉತ್ತರ ಕೊಟ್ಟ. ಅವನ ಮೀಸೆ ಮೇಲೆ ಕೆಳಗೆ ಆಡಿತು, ಅಷ್ಟೇ. ಅಣ್ಣಾಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮೀಸೆಯ ಹಿಂದೆ ನನ್ನ ಬಗ್ಗೆ ಏನು ಬಂತು ಎಂಬ ಚಿಂತೆಯಲ್ಲಿ ಆ ದಿನ ನಾನು ಊಟದಲ್ಲಿ ಒಂದು ತಪ್ಪೂ ಹುಡುಕಲಿಲ್ಲ. ಸುಶೀಲಾ ಹಣೆ ಮುಟ್ಟಿ ಜ್ವರ ನೋಡಿದಳು.

ಆಮೇಲೊಂದು ದಿನ ಅಣ್ಣಾಸಾಹೇಬರು, ಹಳೆಯ ಕಾಲದ ಮೆತ್ತನೆ ಧೋತರ ಈಗ ಎಲ್ಲೂ ಸಿಗುವುದಿಲ್ಲ, ತೊಡೆಯೆಲ್ಲ ಕೆರೆಯುತ್ತದೆ ಎಂದು ಗೋಳಾಡಿದರು. ನನ್ನ ಮೈಯೊಳಗಿನ ಜಾಬರ್ ಎದ್ದು ನಿಂತ. ಮರುದಿನವೇ ಕಬನೂರಿಗೆ ಹೋಗಿ, ಪರಿಚಯದ ಶೆಡ್ಡಿನಲ್ಲಿ ಒಳ್ಳೆಯ ನೂಲಿನ ಧೋತರ ಜೋಡಿ ತಂದು, ಅವರ ಬೆಂಚಿಗೆ ಹೋಗಿ, ಆದಷ್ಟು ಮೆತ್ತಗೆ, ಅಂದರೆ ಬೇವಿನ ಮೇಲಿನ ಕಾಗೆಗಳು ಹಾರುವಷ್ಟು ಮೆತ್ತಗೆ, ನಾನು ಇಚಲಕರಂಜಿಯ ಜಾಬರ್ ಎಂದೂ ಸುಮ್ಮನೆ ತಂದೆನೆಂದೂ ಹೇಳಿದೆ. ಅಣ್ಣಾಸಾಹೇಬರು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು, ನನ್ನ ಮನಸ್ಸಿನಲ್ಲಿದ್ದದ್ದು ನಿಮಗೆ ಹೇಗೆ ತಿಳಿಯಿತು ಎಂದು ಬೆರಗಾದರು. ಋಣಾನುಬಂಧ ಎಂದೆ. ನಾಚಿಕೆಯಿಲ್ಲದೆ ಎಂದೆ. ಬರುವ ರವಿವಾರ ನಮ್ಮ ತಮ್ಮನ ಗುರ್ಹಾಳಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದರು. ಗುರ್ಹಾಳವೆಂದರೆ ಇಲ್ಲಿಯ ಆಲೆಮನೆ. ಕಬ್ಬಿನ ಕಾಲದಲ್ಲಿ ಬೆಲ್ಲ ಕಾಯಿಸುವಲ್ಲಿಗೆ ಬೇಕಾದವರನ್ನಷ್ಟೇ ಕರೆಯುತ್ತಾರೆ. ನಾನು ಬೇಕಾದವನಾಗಿದ್ದೆ. ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಗುರುವಾರ ಎದುರು ಬೆಂಚಿನಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ತಲೆ ಎತ್ತಿದಾಗ ಅಣ್ಣಾಸಾಹೇಬರ ತುಟಿ ಕಂಡಿತು. ಎದೆಯಲ್ಲಿ ಒಂದು ನಳಿಗೆ ಬಂದ್ ಆಗಿದೆಯಂತೆ. ಮಂಗಳವಾರ ಕೊಲ್ಹಾಪುರದಲ್ಲಿ ಆಪರೇಶನ್. ಮನೆಯಲ್ಲಿ ಮದುವೆಗೆ ಹೋಗುತ್ತೇನೆಂದು ಹೇಳಿದ್ದಾರೆ. ಯಾರಿಗೂ ಹೇಳಬೇಡ, ನೀನೊಬ್ಬನೇ ಜೊತೆಗೆ ಬಾ ಎಂದರು. ಮೀಸೆ ಆಗಲಿ ಎಂಬಂತೆ ಬಾಗಿತು. ನಾನು ದಾರ ಕಟ್ಟದೆಯೇ ಎದ್ದು ಮನೆಗೆ ಬಂದೆ. ಮುಂದಿನ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಹೇಳಿದರೆ ಕದ್ದು ಓದಿದ್ದು ಬಯಲಾಗಿ ಈಗಷ್ಟೇ ಸಿಕ್ಕ ಜಾಗ ಹೋಗುತ್ತದೆ, ಹೇಳದಿದ್ದರೆ ಆ ಮನುಷ್ಯ ಹೆಂಡತಿಗೂ ತಿಳಿಸದೆ ಎದೆ ಕೊಯ್ಯಿಸಿಕೊಳ್ಳಲು ಹೋಗುತ್ತಾನೆ. ಬಾಯಲ್ಲಿ ಬಿಸಿ ತುಪ್ಪ.

ರವಿವಾರ ಗುರ್ಹಾಳದಲ್ಲಿ ಗಾಣದ ಎಂಜಿನ್ ಗುಡುಗುತ್ತಿತ್ತು. ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಗಡಹಿಂಗ್ಲಜಕ್ಕೆ ಬಂದ ಮೇಲೆ ಮೊದಲ ಸಲ ನನಗೆ ಊರಿಗೆ ಬಂದ ಹಾಗಾಯಿತು. ಅಣ್ಣಾಸಾಹೇಬರ ಹೆಂಡತಿ ಪದ್ಮಕ್ಕ ಸುಶೀಲಾಳಿಗೆ ಬಿಸಿ ಕಾಕವಿ, ಅಂದರೆ ಜೋನಿಬೆಲ್ಲ, ಕುಡಿಸುತ್ತಿದ್ದರು. ಬೆಲ್ಲದ ಹದ ಬಂತೆಂದು ಆಳುಗಳು ಕೂಗಿದರು. ಕುದಿಯುವ ಕೊಪ್ಪರಿಗೆಯನ್ನು ಒಲೆಯಿಂದ ಎತ್ತಿ ಬಗ್ಗಿಸುವಾಗ ಮನೆಯ ಹಿರಿಯ ಕೈ ಹಚ್ಚಬೇಕು, ಅದು ಅವರ ಮನೆತನದ ಪದ್ಧತಿಯಂತೆ. ಅಣ್ಣಾಸಾಹೇಬರು ಧೋತರದ ಕಚ್ಚೆ ಬಿಗಿದರು, ನಾನು ತಂದ ಧೋತರದ್ದು. ಕೊಪ್ಪರಿಗೆ ಎತ್ತುವ ಬೊಂಬಿಗೆ ಹೆಗಲು ಕೊಟ್ಟರು. ಮುಖ ಕೆಂಪಾಯಿತು. ನಾನು ಕೂಗಿಬಿಟ್ಟೆ.

"ಅಣ್ಣಾ, ಬಿಡ್ರಿ ಅದನ್ನ! ಎದಿಯಾಗ ನಳಿ ಬಂದ್ ಆಗೇತಿ, ಮಂಗಳವಾರ ಆಪರೇಶನ್ ಐತಿ, ಕೊಪ್ಪರಗಿ ಎತ್ತತೀರೇನ್ರಿ?"

ಬೇರೆ ಯಾರು ಕೂಗಿದ್ದರೂ ಆ ಎಂಜಿನ್ ನುಂಗಿ ಹಾಕುತ್ತಿತ್ತು. ನನ್ನ ದನಿ ಗಾಣ ದಾಟಿ, ಕಬ್ಬಿನ ರಾಶಿ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿತು. ಪದ್ಮಕ್ಕನ ಕೈಯಿಂದ ಲೋಟ ಬಿತ್ತು. ಅಣ್ಣಾಸಾಹೇಬರು ಬೊಂಬು ಬಿಟ್ಟು ನನ್ನ ಕಡೆ ನೋಡಲಿಲ್ಲ, ಒಲೆಯ ಪಕ್ಕ ನಿಂತಿದ್ದ ದತ್ತೂಮಾಮಾನ ಕಡೆ ನೋಡಿದರು. ಅವರ ತುಟಿಯ ಮೇಲೆ ಬಂದದ್ದನ್ನು ನಾನು ಓದಿದೆ. ನೀನಽ ಹೇಳಿದಿ, ದತ್ತೂ? ದತ್ತೂಮಾಮಾ ಎರಡೂ ಕಿವಿ ಹಿಡಿದುಕೊಂಡು ಆಣೆ ಮಾಡುತ್ತಿದ್ದ. ಅವರದು ನಲವತ್ತು ವರ್ಷದ ಸ್ನೇಹ. ಸುಮ್ಮನಿದ್ದರೆ ನಾನು ಪಾರಾಗುತ್ತಿದ್ದೆ ಎಂಬ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ, ಬಂತು. ಆದರೆ ಆ ಮೀಸೆ ನಡುಗುವುದನ್ನು ನೋಡಲಾಗಲಿಲ್ಲ.

"ಅವರು ಹೇಳಿಲ್ರಿ. ನಾ ಎದುರು ಬೆಂಚಿನ್ಯಾಗ ಕುಂತು ನಿಮ್ಮ ತುಟಿ ಓದೇನಿ. ಧೋತರದ ಮಾತೂ ಹಂಗಽ ತಿಳಕೊಂಡೇನಿ. ನನಗ ಕಿವಿ ಸರಿ ಕೇಳೂದಿಲ್ರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಮನೆಯವರೆಲ್ಲ ಪದ್ಮಕ್ಕನನ್ನು ಸುಧಾರಿಸುತ್ತಿದ್ದರು, ನಾವು ಬೆಲ್ಲ ತಿನ್ನದೆ ಹೊರಟು ಬಂದೆವು. ಮರುದಿನ ಮೈದಾನಕ್ಕೆ ಹೋದರೆ ಇಬ್ಬರೂ ಬೆಂಚಿನ ಮೇಲೆ ತಿರುಗಿ, ಬೆನ್ನು ನನಗೆ ಮಾಡಿ, ಹಿಂದಿನ ಕಾಂಪೌಂಡ್ ಗೋಡೆ ನೋಡುತ್ತ ಕೂತಿದ್ದರು. ಕಾಲು ಚಾಚಲು ಜಾಗವಿಲ್ಲದೆ ಇಬ್ಬರ ಮೊಣಕಾಲೂ ಗೋಡೆಗೆ ತಾಗುತ್ತಿದ್ದವು. ತಮ್ಮ ತುಟಿ ನನಗೆ ಕಾಣಬಾರದೆಂದು ಆ ಇಕ್ಕಟ್ಟನ್ನೂ ಸಹಿಸಿದ್ದರು. ಮಂಗಳವಾರದಿಂದ ಬೆಂಚು ಖಾಲಿ. ಅಣ್ಣಾಸಾಹೇಬರು ಹೇಗಿದ್ದಾರೆಂದು ಕೇಳಲು ನನಗೆ ಮುಖವಿರಲಿಲ್ಲ. ದಿನಾ ಹೋಗಿ ಖಾಲಿ ಬೆಂಚು ನೋಡಿ ಬರುತ್ತಿದ್ದೆ. ಸುಶೀಲಾ ತನ್ನ ಸಂಕ್ರಮಣದ ಕರಾರನ್ನು ನೆನಪಿಸಲಿಲ್ಲ. ಕಬನೂರಿಗೆ ಹೊರಡಲು ಚೀಲ ಮಾತ್ರ ನಾನೇ ತೆಗೆದು ಧೂಳು ಜಾಡಿಸಿ ಇಟ್ಟುಕೊಂಡೆ.

ಸಂಕ್ರಮಣದ ಬೆಳಿಗ್ಗೆ ಕೊನೆಯ ಸಲವೆಂದು ಹೋದೆ. ಬೇವಿನ ಕೆಳಗೆ ಅಣ್ಣಾಸಾಹೇಬರು ಕೂತಿದ್ದರು, ಶಾಲು ಹೊದ್ದು, ಸ್ವಲ್ಪ ಸೊರಗಿ. ಪಕ್ಕದಲ್ಲಿ ದತ್ತೂಮಾಮಾ. ಇಬ್ಬರ ಮುಖವೂ ನನ್ನ ಕಡೆಗಿತ್ತು. ಅಣ್ಣಾಸಾಹೇಬರು ದನಿಯಿಲ್ಲದೆ ತುಟಿ ಆಡಿಸಿದರು, ಒಂದೊಂದೇ ಮಾತು: "ಹೇಣ್ತಿ ಜೋಡೀಲೆ ಬಂದ್ಲು, ಜಾಬರ್ರ. ಆಕಿನ ಬಿಟ್ಟು ಹೋಗಿದ್ರ ಹೆದರಿಕಿಗೇ ಸಾಯ್ತಿದ್ನಿ. ಬರ್ರಿ, ಚಹಾ ಆರಾಕತ್ತೈತಿ." ನಾನು ನಂಬಲಾಗದೆ ಎದುರು ಬೆಂಚಿನ ಮೇಲೆ ಕೂತುಬಿಟ್ಟೆ. ಆಗ ದತ್ತೂಮಾಮಾ ಎರಡೂ ಕೈಯ ಬೆರಳಿನಿಂದ ಆ ಮೀಸೆಯನ್ನು ಪರದೆ ಎತ್ತಿದ ಹಾಗೆ ಮೇಲಕ್ಕೆತ್ತಿ, ಜೀವಮಾನದಲ್ಲಿ ಮೊದಲ ಸಲ ನನಗೆ ತನ್ನ ತುಟಿ ತೋರಿಸಿದ. ಅವನು ಅಂದದ್ದು ಅಚ್ಚು ಹಾಕುವಂಥ ಮಾತಲ್ಲ. ಆದರೆ ಅಂಥ ಮಾತನ್ನು ದೋಸ್ತನಲ್ಲದವನಿಗೆ ಯಾರೂ ಅನ್ನುವುದಿಲ್ಲ. ಕಣ್ಣು ಒರೆಸಿಕೊಂಡು ಎದ್ದು ಹೋದೆ. ಅಣ್ಣಾಸಾಹೇಬರು ಅಂಗೈಗೆ ಎಳ್ಳುಂಡೆ ಹಾಕಿ, ಇಲ್ಲಿಯ ಪದ್ಧತಿಯಂತೆ, "ತಿಳಗುಳ ಘ್ಯಾ, ಗೋಡ ಬೋಲಾ" ಎಂದರು. ಎಳ್ಳುಬೆಲ್ಲ ತಗೊಳ್ಳಿ, ಸಿಹಿಯಾಗಿ ಮಾತಾಡಿ ಎಂದು. ಮೆತ್ತಗೆ ಮಾತಾಡಿ ಎಂದೂ ಸೇರಿಸಿದರು, "ಮತ್ತ ಸಾವಕಾಶ ಬೋಲಾ."

ಈಗ ದಿನಾ ಆ ಖಾಲಿ ಜಾಗದಲ್ಲಿ ನಾನೇ. ಇಷ್ಟು ಆಸೆಪಟ್ಟು ಪಡೆದ ಬೆಂಚಿನ ವಿಷಯದಲ್ಲಿ ನನಗೆ ಮೊದಲೇ ಹೊಳೆಯದ ಒಂದು ಸಂಗತಿಯೆಂದರೆ, ಮೂವರು ಸಾಲಾಗಿ ಕೂತರೆ ಯಾರ ತುಟಿಯೂ ಯಾರಿಗೂ ಕಾಣುವುದಿಲ್ಲ. ಮೇಲಾಗಿ ಒಬ್ಬರದು ಮೆತ್ತನೆ ಮಾತು, ಇನ್ನೊಬ್ಬನದು ಮೀಸೆ. ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚ. ಅವರು ನಕ್ಕಾಗ ನಗುತ್ತೇನೆ, ನಿಟ್ಟುಸಿರು ಬಿಟ್ಟಾಗ ಬಿಡುತ್ತೇನೆ. ಒಮ್ಮೊಮ್ಮೆ ಎದ್ದು ಎದುರು ಬೆಂಚಿಗೆ ಹೋಗಿ, ಏನು ಮಾತಾಡಿದರೆಂದು ನೋಡಿಕೊಂಡು ಬರೋಣವೇ ಅನ್ನಿಸುತ್ತದೆ.

ಇದನ್ನು ಮನೆಗೆ ಬಂದು ಸುಶೀಲಾಳ ಹತ್ತಿರ ತೋಡಿಕೊಂಡೆ. ಪರರ ತುಟಿ ಓದುವ ಚಾಳಿಗೆ ದೇವರು ಕೊಟ್ಟ ಶಿಕ್ಷೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮತ್ತ ನಾ ಇಷ್ಟ ವರ್ಷ ಗ್ವಾಡಿಗೆ ಮಾರಿ ಮಾಡಿ ಯಾಕ ರೊಟ್ಟಿ ಬಡದೇನಿ ಅಂತ ತಿಳದಿದ್ರಿ?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಇನ್ನೂ ಏನೋ ಅಂದಳು, ಸಾಕಷ್ಟು ಉದ್ದಕ್ಕೆ. ನನಗೆ ಕಂಡದ್ದು ಅಲುಗುತ್ತಿದ್ದ ಅವಳ ಭುಜಗಳು ಮಾತ್ರ. ಅವಳು ನಕ್ಕಳೆಂದು ತಿಳಿದು, ನಾನೂ ನಕ್ಕೆ.