ಒಲೆಯ ಮೇಲೆ ಬೆಂದ ದೋಣಿ

ವಿಶ್ವಾಮಿತ್ರಿ ನದಿಯ ಮೊಸಳೆಗಳೂ ತಲೆದೂಗುವಂಥ ನೆಲ ಹಾಕಿಸಿಕೊಡುತ್ತೇನೆ ಎಂದು ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತು ಘೋಷಿಸಿದವನು ನಾನೇ. ಯಾರೂ ಕೇಳಿರಲಿಲ್ಲ. ಯಾರೂ ಕೇಳದಿದ್ದಾಗಲೇ ನನ್ನ ಬಾಯಿ ಚೆನ್ನಾಗಿ ಓಡುವುದು!

ನೆಲ ಎಂದರೆ ಮನೆಯದಲ್ಲ, ದೋಣಿಯದು. ಕಳೆದ ಮಳೆಗಾಲದಲ್ಲಿ ವಡೋದರಾದ ಹೊಳೆಯೆಲ್ಲ ನಮ್ಮ ಗ್ರೌಂಡ್ ಫ್ಲೋರ್ ಮನೆಗೆ ನುಗ್ಗಿ ಸೊಂಟದ ಮಟ್ಟ ನಿಂತಾಗ, ಮಂಡಿನೋವಿನ ನಮ್ಮತ್ತೆ ಪದ್ಮಾವತಿಯವರನ್ನು ಬಟ್ಟೆ ಒಗೆಯುವ ಟಬ್ಬಿನಲ್ಲಿ ಕೂರಿಸಿ ತೇಲಿಸಿಕೊಂಡು ಹೋಗಿದ್ದೆವು. ಆ ಅವಮಾನವನ್ನು ಅವರು ಇಂದಿಗೂ ಮರೆತಿಲ್ಲ. ಆಮೇಲೆ ಸೊಸೈಟಿಯವರೆಲ್ಲ ಸೇರಿ ಒಂದು ಹಳೆಯ ಫೈಬರ್ ದೋಣಿ ಕೊಂಡರು. ಹೊರಗೆ ಗಟ್ಟಿ. ಒಳಗೆ ಹಾಸಿದ್ದ ಪ್ಲೈವುಡ್ ಎಷ್ಟು ಕೊಳೆತಿತ್ತೆಂದರೆ, ಅಧ್ಯಕ್ಷ ಹರ್ಷದ್‌ಭಾಯ್ ಹತ್ತಿದ ಕೂಡಲೇ ಅವರ ಒಂದು ಕಾಲು ಪೂರ್ತಿ ಒಳಕ್ಕಿಳಿಯಿತು. ಮಳೆಗೆ ಮುಂಚೆ ನೆಲ ಬದಲಾಗದಿದ್ದರೆ ಅತ್ತೆಗೆ ಮತ್ತೆ ಟಬ್ಬೇ ಗತಿ.

ನಾನು ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬಂದ ಮಾಲಿನಲ್ಲಿ ಹುಳುಕು ಹುಡುಕುವುದಕ್ಕೇ ನನಗೆ ಸಂಬಳ. ಉಕ್ಕಿನ ತಗಡು ಬೇಡ, ಭಾರಕ್ಕೆ ದೋಣಿ ತಳ ಸೇರುತ್ತದೆ ಎಂದೆ. ಅಲ್ಯೂಮಿನಿಯಂ ಬೇಡ, ಇಲ್ಲಿನ ಬಿಸಿಲಿಗೆ ಅಂಗಾಲು ದೋಸೆಯ ಹಾಗೆ ಸೀಯುತ್ತದೆ ಎಂದೆ. ಕೊನೆಗೆ ನೀರಿಗೆ ಜಗ್ಗದ ಮರೈನ್ ಪ್ಲೈವುಡ್ಡೇ ಸರಿ ಎಂದು ತೀರ್ಮಾನಿಸಿ ಎರಡು ಅಂಗಡಿಗಳಿಂದ ಒಂದೊಂದು ತುಂಡು ತಂದೆ. ಅಂಗಡಿಯವರಲ್ಲೊಬ್ಬ ಹರ್ಷದ್‌ಭಾಯ್‌ಗೆ ಬೇಕಾದವನು. ಲೈಫ್‌ಟೈಮ್ ಗ್ಯಾರಂಟಿ ಎಂದ. ಯಾರ ಲೈಫು ಎಂದು ಕೇಳಿದ್ದಕ್ಕೆ ಚಹಾ ತರಿಸಿದ.

ಚಹಾಕ್ಕೆ ಬಗ್ಗುವ ಆಸಾಮಿಯೇ ನಾನು? ಅಸಲಿ ಮರೈನ್ ಪ್ಲೈಯನ್ನು ಎಷ್ಟು ಕುದಿಸಿದರೂ ಪದರ ಬಿಚ್ಚಬಾರದು. ಶನಿವಾರ ಬೆಳಗ್ಗೆ ಒಂದು ತುಂಡನ್ನು ಕುಕ್ಕರಿಗೂ ಇನ್ನೊಂದನ್ನು ಪಾಯಸದ ಪಾತ್ರೆಗೂ ಇಳಿಸಿ, ನೀರು ತುಂಬಿ, ಎರಡು ಒಲೆಯನ್ನೂ ಹಚ್ಚಿಬಿಟ್ಟೆ. ಹೆಂಡತಿ ವಿಂಧ್ಯಾ ಬಂದು ಪಾತ್ರೆಯೊಳಗೆ ಇಣುಕಿದಳು.

"ಏನ್ರೀ ಇದು?"

"ದೋಣಿ ನೆಲ. ಬೇಯ್ತಿದೆ."

"ಒಗ್ಗರಣೆ ನಾನು ಹಾಕ್ಲೋ, ನೀವೇ ಹಾಕ್ಕೋತೀರೋ?"

ಅಂದು ನಮ್ಮ ಹೊಟ್ಟೆ ತುಂಬಿಸಿದ್ದು ಪಕ್ಕದ ಮನೆಯವರು ಕೊಟ್ಟ ಮೆಂತ್ಯದ ರೊಟ್ಟಿ, ಥೇಪ್ಲಾ. ರಾತ್ರಿಯೆಲ್ಲ ಎದ್ದೆದ್ದು ನೀರು ಸುರಿದು, ಭಾನುವಾರ ಬೆಳಗ್ಗೆ ಒಲೆ ಆರಿಸಿ ನೋಡಿದರೆ, ಪಾತ್ರೆಯ ತುಂಡು ಜಗ್ಗಿರಲಿಲ್ಲ, ನೀರೂ ತಿಳಿಯಾಗಿತ್ತು. ಕುಕ್ಕರಿನಲ್ಲಿದ್ದ ಗ್ಯಾರಂಟಿ ಮಾಲು ಮಾತ್ರ ಪದರ ಪದರವಾಗಿ ಬಿಚ್ಚಿ, ನೀರನ್ನೆಲ್ಲ ಕಡುಗೆಂಪು ಮಾಡಿ, ಥೇಟ್ ಮರದ ತೊಗಟೆ ಕುದಿಸಿದ ಹಾಗಿತ್ತು. ಸಿಕ್ಕಿಬಿದ್ದ ಮಗ ಎಂದುಕೊಂಡು ಹಾಲು ತರಲು ಹೊರಟೆ.

ಮರಳಿ ಬಂದು ನೋಡುತ್ತೇನೆ, ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕೂತು, ಆ ಕೆಂಪು ನೀರಿನಲ್ಲಿ ಬಟ್ಟೆ ಅದ್ದಿ ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದಾರೆ. ಬಿಚ್ಚಿದ ಪದರಗಳನ್ನು ಮೇಲೆ ಕಟ್ಟಿಕೊಂಡೂ ಆಗಿದೆ. ಚನ್ನರಾಯಪಟ್ಟಣದಲ್ಲಿ ಅವರ ಅಮ್ಮ ತೊಗಟೆ ಕುದಿಸಿ ಹೀಗೇ ಮಾಡುತ್ತಿದ್ದರಂತೆ.

"ಬಾಯಿಬಿಟ್ಟು ಒಂದು ಮಾತು ಹೇಳ್ದೆ ನನಗೋಸ್ಕರ ಕುದಿಸ್ತಾ ಇದ್ರಲ್ಲ ಅಳಿಯಂದ್ರೇ," ಎಂದು ಕಣ್ಣೊರೆಸಿಕೊಂಡರು. "ನಾನು ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ."

ಮದುವೆಯಾದಂದಿನಿಂದ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ! ಹೇಗೆ ಹೇಳಲಿ? ವಿಂಧ್ಯಾ ನನ್ನನ್ನೇ ದಿಟ್ಟಿಸಿದಳು. ನಾನು ಫ್ಯಾನ್ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಗೋಡೆ ಹಿಡಿಯದೆ ಓಡಾಡತೊಡಗಿದರು. ಸುದ್ದಿ ತಿಳಿದದ್ದೇ ತಡ, ಹರ್ಷದ್‌ಭಾಯ್ ತಾಯಿ, ಎಲ್ಲರೂ ‘ಬಾ’ ಎಂದು ಕರೆಯುವ ಹಿರಿಯರು, ಸ್ಟೀಲ್ ಡಬ್ಬಿ ಹಿಡಿದು ಬಂದರು. ಹಿಂದೆಯೇ ಸೊಸೈಟಿಯ ಮಂಡಿಗಳೆಲ್ಲ ಸಾಲುಗಟ್ಟಿ ನಿಂತವು. ನಾನು ಬೇಡ ಬೇಡ ಎನ್ನುತ್ತಿದ್ದರೂ ಅತ್ತೆ ಸೌಟಿನಲ್ಲಿ ಧಾರಾಳವಾಗಿ ಹಂಚಿದರು. ಅಳಿಯ ಯಾವ ಅಂಗಡಿಯಿಂದ ತಂದ ಮರ ಎಂಬುದನ್ನೂ ಹೇಳಿ ಕಳಿಸಿದರು.

ಸಂಜೆ ಮೀಟಿಂಗಿನಲ್ಲಿ ನಾನು ಗಟ್ಟಿ ತುಂಡನ್ನು ಎತ್ತಿ ಹಿಡಿಯುವಷ್ಟರಲ್ಲಿ ಬಾ ತಡೆದರು. ಆ ಔಷಧಿ ಮರವನ್ನೇ ದೋಣಿಗೆ ಹಾಸಬೇಕಂತೆ, ಪ್ರವಾಹ ಬಂದಾಗ ಮುದುಕರ ಕಾಲಿಗೆ ಹಿತವಂತೆ. ಹರ್ಷದ್‌ಭಾಯ್ ಖುಷಿಯಿಂದ ಒಪ್ಪಿದರು. ಸರಸರನೆ ಕೈಗಳು ಮೇಲೆದ್ದವು. ಎಲ್ಲಕ್ಕಿಂತ ಎತ್ತರದಲ್ಲಿತ್ತು ನಮ್ಮತ್ತೆಯ ಕೈ.

ಆ ನೆಲದ ಮೇಲೆ ನಿಲ್ಲಬೇಕಾದವರು ಅವರೇ ತಾನೇ! ಹಾಳಾಗಿ ಹೋಗಲಿ ನನ್ನ ಮರ್ಯಾದೆ ಎಂದುಕೊಂಡು ಎಲ್ಲವನ್ನೂ ಹಿಂದಿಯಲ್ಲಿ ಕಕ್ಕಿಬಿಟ್ಟೆ. ಅದು ಔಷಧಿಯಲ್ಲ, ಕಳಪೆ ಪ್ಲೈವುಡ್ಡಿನ ಬಣ್ಣ ಮತ್ತು ಗೋಂದು. ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ನಿಂತವರು ಸೀದಾ ಮೊಸಳೆಯ ಬಾಯಿಗೆ.

ಮೇಲೆದ್ದ ಕೈಗಳೆಲ್ಲ ಕೆಳಗಿಳಿದವು. ಬಾ ತಮ್ಮ ಮಂಡಿಯನ್ನೇ ನೋಡುತ್ತ ಕೂತರು. ವಿಂಧ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಳುವೋ ನಗುವೋ ತಿಳಿಯಲಿಲ್ಲ. ನಾನು ಅತ್ತೆಯ ಮುಂದೆ ತಲೆ ತಗ್ಗಿಸಿದೆ.

"ತಪ್ಪಾಯ್ತು ಅತ್ತೆ. ನಿಮ್ಮ ಮಂಡಿಗೆ ಅಂತ ಕುದಿಸಿದ್ದಲ್ಲ ಅದು."

ಅತ್ತೆ ಯಾರ ಕೈಯನ್ನೂ ಹಿಡಿಯದೆ, ಕುರ್ಚಿಗೂ ಕೈ ಊರದೆ, ಸಲೀಸಾಗಿ ಎದ್ದು ನಿಂತರು.

"ಆಯ್ತು ಅಳಿಯಂದ್ರೇ. ಗಟ್ಟಿ ಹಲಗೆ ದೋಣಿಗೆ ಹಾಕ್ಸಿ. ಆ ಕಳಪೆದು ಇನ್ನೊಂದು ತುಂಡು ತಂದು ಕುದಿಸೋಕಿಡಿ, ಎಡಗಾಲು ಇನ್ನೂ ಸ್ವಲ್ಪ ಹಿಡ್ಕೊಂಡಿದೆ."