ಮೇಷ್ಟ್ರು ಹೊಡೆದ ಸೆಂಟ್ರಿಂಗ್

ಮೇಸ್ತ್ರಿಯನ್ನು ಕರೆಯುವ ಮಾತೇ ಬೇಡ ಎಂದು ಭೌತಶಾಸ್ತ್ರದ ಮೇಷ್ಟ್ರು ಸಾರಿಬಿಟ್ಟರು. ಸೊಂಟದ ಮೂಳೆ ಮುರಿದ ಅತ್ತೆ, ಅಂದರೆ ಹೆಂಡತಿಯ ತಾಯಿ, ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಇವರ ಮನೆಗೇ ಬರುವವರಿದ್ದರು. ಬಾಗಿಲಲ್ಲಿ ಮೂರು ಮೆಟ್ಟಿಲು. ಅದರ ಪಕ್ಕ, ಗೋಡೆಗೆ ಒತ್ತಿದಂತೆ ಒಂದು ಕಾಂಕ್ರೀಟ್ ಇಳಿಜಾರು ಆಗಬೇಕಿತ್ತು.

"ನಾಲ್ಕು ಹಲಗೆ ನಿಲ್ಲಿಸಿ ಒಳಗೆ ಕಾಂಕ್ರೀಟ್ ಸುರಿದ್ರೆ ಮುಗೀತು. ಮೂವತ್ತು ವರ್ಷ ಒತ್ತಡದ ಪಾಠ ಮಾಡಿದವನು ಕಣೇ ನಾನು."

"ಪಾಠ ಮಾಡಿದ್ದೀರಿ, ಸರಿ. ಮೊಳೆ ಯಾವತ್ತು ಹೊಡೆದಿದ್ದೀರಿ?" ಎಂದಳು ಹೆಂಡತಿ.

ಮೇಷ್ಟ್ರು ಹಳೆಯ ಮಂಚದ ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದರು. ಅರ್ಧದಷ್ಟು ಮೊಳೆಗಳು ಹಲಗೆಗೆ ಹೋದವು, ಉಳಿದವು ಸೊಟ್ಟಗಾಗಿ ನೆಲಕ್ಕೆ ಬಿದ್ದವು. ಕಾಂಕ್ರೀಟ್ ಕಲಸುವ ಯಂತ್ರದವನು ನೋಡಿ, "ಹೊರಗಡೆಯಿಂದ ಆಸರೆ ಕೊಟ್ಟಿಲ್ವಲ್ಲ ಸಾರ್" ಎಂದ. "ಲೆಕ್ಕ ಹಾಕಿದ್ದೀನಪ್ಪ, ನೀನು ಸುರಿ" ಎಂದರು. ಅವನು ಸುರಿದು ಯಂತ್ರ ಎಳೆದುಕೊಂಡು ಹೋದ.

ಹತ್ತು ನಿಮಿಷಕ್ಕೆ ಹಲಗೆ ನಿಟ್ಟುಸಿರಿಟ್ಟಿತು. ಮದುವೆ ಊಟ ಮುಗಿಸಿದವರ ಹೊಟ್ಟೆಯಂತೆ ನಡುವಿನಲ್ಲಿ ಉಬ್ಬತೊಡಗಿತು. ಮೇಷ್ಟ್ರು ಓಡಿ ಬಂದು ಹಲಗೆಗೆ ಬೆನ್ನು ಕೊಟ್ಟು ಕೂತರು. ಪಾದಗಳನ್ನು ಎದುರಿನ ಕಾಂಪೌಂಡಿಗೆ ಒತ್ತಿದರು. ಕೂಗಿ ಕರೆದಾಗ ಹೆಂಡತಿ ಬಂದಳು, ನೋಡಿದಳು, ಸೆರಗು ಸಿಕ್ಕಿಸಿ ಪಕ್ಕದಲ್ಲೇ ಬೆನ್ನು ಕೊಟ್ಟಳು. ಸಾವಿರ ಸಲ ಕಪ್ಪುಹಲಗೆಯ ಮೇಲೆ ಬರೆದ ಸೂತ್ರ ಮೊದಲ ಬಾರಿಗೆ ಮೇಷ್ಟ್ರ ಬೆನ್ನ ಮೇಲೆ ತನ್ನನ್ನು ತಾನೇ ಬರೆದುಕೊಳ್ಳುತ್ತಿತ್ತು. ಎಂಥ ಭಾರ ಅದು! ಅವರಿಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಯಿತು.

"ಎಷ್ಟು ಹೊತ್ತು ಹೀಗೆ?" ಎಂದಳು ಹೆಂಡತಿ.

"ಗಟ್ಟಿಯಾಗೋವರೆಗೆ."

"ಅಂದ್ರೆ?"

"ನಾಳೆ ಬೆಳಿಗ್ಗೆ."

ಅಷ್ಟರಲ್ಲಿ ಗೇಟಿನ ಮುಂದೆ ವ್ಯಾನು ನಿಂತಿತು. ಆಸ್ಪತ್ರೆಯವರು ನಾಲ್ಕು ದಿನ ಮುಂಚೆಯೇ ಬಿಟ್ಟಿದ್ದರು. ಚಾಲಕ ಗಾಲಿಕುರ್ಚಿ ಇಳಿಸಿದ. ಅತ್ತೆ ಮಗಳನ್ನೂ ಅಳಿಯನನ್ನೂ ನೋಡಿದರು. ನಂತರ ಅವರಿಬ್ಬರನ್ನೂ ಬಿಟ್ಟು ಹಲಗೆಯನ್ನೇ ನೋಡಿದರು.

"ಅಳಿಯಂದ್ರೆ, ಅಲ್ಲಾಡಬೇಡಿ. ಸದ್ಯಕ್ಕೆ ಇರೋದು ನಿಮ್ಮದೊಂದೇ ಆಸರೆ."

ಕುರ್ಚಿಯನ್ನು ಹತ್ತಿರ ತಳ್ಳಿಸಿಕೊಂಡು ಗೆಣ್ಣಿನಿಂದ ಹಲಗೆ ತಟ್ಟಿದರು, ಕಿವಿಗೊಟ್ಟರು, ಮತ್ತೆ ತಟ್ಟಿದರು. "ಇಲ್ಲಿ ಅಡ್ಡಪಟ್ಟಿ. ಕಾಂಪೌಂಡಿಗೂ ಹಲಗೆಗೂ ನಡುವೆ ಗಳ. ಅಲ್ಲಿ ಬೆಣೆ. ಮೆಲ್ಲಗೆ ಹೊಡಿಯಪ್ಪ, ಕೋಪ ಬೇಡ." ಚಾಲಕ ಬಟ್ಟೆ ಒಣಹಾಕುವ ಗಳ ಕತ್ತರಿಸಿ ಕೊಟ್ಟು, ಹೇಳಿದಲ್ಲಿ ಹೊಡೆದ. ಪ್ರತಿ ಏಟಿಗೂ ಹಲಗೆ ಒಂದು ನೂಲಿನಷ್ಟು ಹಿಂದೆ ಸರಿಯಿತು. ಕೊನೆಗೆ ಅತ್ತೆ, "ಈಗ ಏಳಿ" ಎಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಎದ್ದರು. ಎರಡು ಟನ್ ಕಾಂಕ್ರೀಟ್ ಕದಲದೆ ನಿಂತಿತ್ತು.

"ಇದೆಲ್ಲ ಅತ್ತೆಗೆ ಹೇಗೆ ಗೊತ್ತು?" ಎಂದು ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಇಪ್ಪತ್ತಾರು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದವರು. ಸೇತುವೆಗಳಿಗೆ ಹಲಗೆ ಕಟ್ಟಿದವರು."

"ಇಟ್ಟಿಗೆ ಹೊರ್ತಿದ್ರು ಅಂದ್ಕೊಂಡಿದ್ದೆ."

"ನೀವೇ ಅಂದ್ಕೊಂಡ್ರಿ. ಯಾವತ್ತಾದ್ರೂ ಕೇಳಿದ್ರಾ?"



ನಾಲ್ಕನೆಯ ದಿನ ಹಲಗೆ ಬಿಚ್ಚುವಾಗ ಅತ್ತೆ, "ಒಳಗಡೆ ಎಣ್ಣೆ ಸವರಿದ್ರಾ? ಇಲ್ಲಾಂದ್ರೆ ಕಚ್ಚಿಕೊಂಡಿರುತ್ತೆ" ಎಂದು ಕೇಳಿದರು. ಮೇಷ್ಟ್ರು ಆಕಾಶ ನೋಡಿದರು.

"ಇವರು ಸ್ನಾನಕ್ಕೆ ಹೋದಾಗ ನಾನು ಸವರಿದ್ದೆ ಅಮ್ಮ" ಎಂದಳು ಹೆಂಡತಿ.

ಹಲಗೆ ಸಲೀಸಾಗಿ ಬಿಟ್ಟುಕೊಂಡಿತು. ಕಾಂಕ್ರೀಟಿನ ಮೈಮೇಲೆ ಮರದ ಗೆರೆಗಳೆಲ್ಲ ಮೂಡಿದ್ದವು. ಗಂಟಿನ ಸುತ್ತಲ ಬಳೆಗಳನ್ನೂ ಎಣಿಸಬಹುದಿತ್ತು. ಮೇಷ್ಟ್ರು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದರು.

"ಅತ್ತೆ, ನನಗೂ ಈ ಕೆಲಸ ಕಲಿಸಿಕೊಡ್ತೀರಾ?"

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಸುತ್ತಿಗೆಯನ್ನು ಕೈಗಿತ್ತರು. "ಬಗ್ಗಿದ ಮೊಳೆಗಳನ್ನೆಲ್ಲ ಆಯ್ದು ನೆಟ್ಟಗೆ ಮಾಡಿ. ನಮ್ಮಲ್ಲಿ ಯಾರೇ ಬಂದ್ರೂ ಮೊದಲ ಆರು ತಿಂಗಳು ಅದೇ."

ಮೇಷ್ಟ್ರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಳೆ ತಟ್ಟುತ್ತಿದ್ದಾಗ ಕಾಲೇಜಿನ ಪ್ರಾಂಶುಪಾಲರು ಗೇಟಿನಲ್ಲಿ ಇಣುಕಿದರು. "ಏನ್ರೀ ಮೇಷ್ಟ್ರೆ, ಇದೇನು?"

"ಹೊಸ ಕೆಲಸಕ್ಕೆ ಸೇರಿದ್ದೀನಿ ಸಾರ್" ಎಂದರು ಮೇಷ್ಟ್ರು, ಒಳಗಿನ ಗಾಲಿಕುರ್ಚಿಯತ್ತ ಅಂಜಿಕೆಯಿಂದ ನೋಡುತ್ತ. "ಇನ್ನೂ ಕಾಯಂ ಮಾಡಿಲ್ಲ."